ಮಗಳ ಸೀಟಿಗೆ ಎಷ್ಟು ತೆಂಗಿನಮರ

ಮನುಷ್ಯನಿಗೆ ತನ್ನ ಕಸುಬಿನ ಮೇಲೆ ಎಷ್ಟು ನಂಬಿಕೆಯಿದೆ ಎಂಬುದು ಅವನ ಮನೆಯವರ ವಿಷಯ ಬಂದಾಗ ಗೊತ್ತಾಗುತ್ತದೆ. ನಮ್ಮ ಬೀದಿಯ ಹೋಟೆಲಿನವರು ಮಧ್ಯಾಹ್ನದ ಊಟಕ್ಕೆ ಮನೆಯಿಂದ ಡಬ್ಬಿ ತರಿಸಿಕೊಳ್ಳುವುದನ್ನು ನೋಡಿ ನಾನು ಬಹಳ ನಕ್ಕಿದ್ದೇನೆ. ಹಾಗೆ ನಗುವ ಯೋಗ್ಯತೆ ನನಗಿರಲಿಲ್ಲ. ನಾನು ಬಿಳಿಗೆರೆಯಿಂದಾಚೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಜೂನ್ ಬಂತೆಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, 'ಸರ್ಕಾರಿ ಶಾಲೆಗೇ ಸೇರಿಸಿ' ಎಂದು ಕೂಗಿಸುತ್ತಾ ಊರು ಸುತ್ತುವವನು. ಯಾರಾದರೂ ಮಗುವನ್ನು ಕಾನ್ವೆಂಟಿಗೆ ಹಾಕುತ್ತೇವೆ ಎಂದರೆ ಅವರ ಜಗಲಿಯ ಮೇಲೆ ಕೂತು, ಅವರು ಕೊಟ್ಟ ಮಜ್ಜಿಗೆ ಮುಗಿಯುವವರೆಗೂ ತಾಯ್ನುಡಿಯ ಮಹಿಮೆಯನ್ನು ಕೊರೆಯುವವನು.

ನನ್ನ ಮಗಳು ಸುಮಾ ಎರಡನೇ ಕ್ಲಾಸು ಮುಗಿಯುವವರೆಗೂ ನನ್ನ ಸ್ಕೂಟರಿನ ಮುಂದೆ ನಿಂತು ನನ್ನ ಶಾಲೆಗೇ ಬರುತ್ತಿದ್ದಳು. ಆದರೆ ನಾವಿದ್ದದ್ದು ತಿಪಟೂರಿನಲ್ಲಿ. ಬೆಳಗಾದರೆ ಬೀದಿಯ ಮಕ್ಕಳೆಲ್ಲ ಟೈ ಕಟ್ಟಿಕೊಂಡು ವ್ಯಾನು ಹತ್ತುತ್ತಿದ್ದವು. ನನ್ನ ಹೆಂಡತಿ ಸಾವಿತ್ರಿ ಅದನ್ನು ಕಿಟಕಿಯಿಂದ ನೋಡಿ ನೋಡಿ ಒಂದು ದಿನ, "ಎದುರುಮನೆ ಹುಡುಗ ನಾಯಿಗೂ ಇಂಗ್ಲಿಷಲ್ಲೇ ಬೈತಾನೆ ಕಣ್ರೀ. ಅದು ಬಾಲ ಮುದುರ್ಕೊಂಡು ಹೋಗುತ್ತೆ. ನಮ್ಮ ಸುಮಾ ಪಕ್ಕದಲ್ಲಿ ಬೆಪ್ಪು ತರ ನಿಂತಿರುತ್ತೆ," ಎಂದಳು. ನಾಯಿಗೆ ಅರ್ಥವಾಗುವ ಭಾಷೆ ನನ್ನ ಮಗಳಿಗೆ ಬಾರದಲ್ಲ ಎಂಬ ಸಂಕಟ ನನ್ನನ್ನೂ ಹಿಡಿಯಿತು. ತಾಯ್ನುಡಿಯ ಮಹಿಮೆ ನನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

ತಿಪಟೂರಿನದೇ ಒಂದು ಕಾನ್ವೆಂಟಿನಿಂದ ಅರ್ಜಿ ತಂದೆವು. ತಂದೆಯ ಉದ್ಯೋಗ ಎಂಬಲ್ಲಿ ನನ್ನ ಪೆನ್ನು ನಿಂತಿತು. "ಮೇಷ್ಟ್ರು ಅಂತ ಬರೀಬೇಡಿ. ಇವರು ಡೊನೇಷನ್ ಎಲ್ಲಿಂದ ಕೊಟ್ಟಾರು ಅಂತ ಸೀಟೇ ಕೊಡಲ್ಲ," ಎಂದಳು ಸಾವಿತ್ರಿ. ನನಗೆ ಅದಕ್ಕಿಂತ ದೊಡ್ಡ ಭಯ, ಸುದ್ದಿ ನಮ್ಮ ಶಾಲೆಯ ಊರಿಗೆ ಮುಟ್ಟಿದರೆ ಜೂನಿನಲ್ಲಿ ಯಾವ ಜಗಲಿ ಹತ್ತುವುದೆಂದು. 'ಕೃಷಿ' ಎಂದು ಬರೆದೆ. ನನ್ನ ಕೃಷಿಯೆಂದರೆ ಹಿತ್ತಲಿನ ಎರಡು ತೆಂಗಿನಮರ. ಅದರಲ್ಲೂ ಒಂದು ಪಕ್ಕದ ಮನೆಯ ಕಡೆಗೆ ವಾಲಿಕೊಂಡು ಕಾಯನ್ನೆಲ್ಲ ಅವರ ಅಂಗಳಕ್ಕೇ ಉದುರಿಸುತ್ತಿತ್ತು.

ಸಂದರ್ಶನಕ್ಕೆಂದು ಹತ್ತು ದಿನ ಮೂವರೂ ಇಂಗ್ಲಿಷಿನಲ್ಲಿ ನಮ್ಮ ನಮ್ಮ ಹೆಸರು ಹೇಳುವ ಅಭ್ಯಾಸ ಮಾಡಿದೆವು. ಶಾಲೆ ನಡೆಸುತ್ತಿದ್ದವರು ಒಬ್ಬ ಕೊಬ್ಬರಿ ಮಂಡಿಯ ಯಜಮಾನರು. ನಮ್ಮನ್ನು ಕೂರಿಸಿಕೊಂಡು, ಮಗುವಿನ ಹೆಸರನ್ನೂ ಕೇಳದೆ, "ಎಷ್ಟು ಮರ ಅವೆ?" ಎಂದರು. ಸಾವಿತ್ರಿ ತಡವರಿಸದೆ, ತುರುವೇಕೆರೆಯಲ್ಲಿರುವ ತನ್ನ ಅಪ್ಪನ ತೋಟವನ್ನು ಬೇರುಸಹಿತ ಕಿತ್ತು ತಂದು ನನ್ನ ಹೆಸರಿಗೆ ನೆಟ್ಟಳು. "ಮುನ್ನೂರು ಮರ ಅವೆ ಯಜಮಾನ್ರೇ." "ಫಲಕ್ಕೆ ಬಂದಿರೋವಾ? ನುಸಿ ಬಿದ್ದಿಲ್ಲ ತಾನೆ? ಅಟ್ಟದಲ್ಲಿ ಕೊಬ್ಬರಿಗೆ ಹಾಕಿರೋ ಕಾಯಿ ಎಷ್ಟದೆ?" ಇಂಗ್ಲಿಷಿಗೆ ತಯಾರಾಗಿ ಹೋಗಿದ್ದ ನಾನು ತೋಟಗಾರಿಕೆಯಲ್ಲಿ ಫೇಲಾಗುವ ಹಂತದಲ್ಲಿದ್ದೆ. ಅಷ್ಟರಲ್ಲಿ ಅವರು, "ಮಗೂನ ಒಂದು ಕಿತ ಟೆಸ್ಟ್ ಮಾಡ್ಲಿ," ಎಂದು ಒಬ್ಬ ಮಿಸ್ಸನ್ನು ಕರೆಸಿದರು.

ಬಂದವಳು ರತ್ನ. ನಮ್ಮ ಶಾಲೆಯ ಪಕ್ಕದ ಹಟ್ಟಿಯ ಹುಡುಗಿ, ನನ್ನದೇ ವಿದ್ಯಾರ್ಥಿನಿ. ನಾಲ್ಕನೇ ಕ್ಲಾಸಿಗೆ ಅವಳನ್ನು ಬಿಡಿಸಿ ಕುರಿ ಕಾಯಲು ಹಾಕುತ್ತೇನೆಂದಿದ್ದ ಅವಳ ಅಪ್ಪನ ಮುಂದೆ ನಾನು ಎರಡು ಸಂಜೆ ಪಟ್ಟು ಹಿಡಿದು ಕೂತಿದ್ದೆ. ಈಗ ಸೀರೆಯುಟ್ಟು, ಬೆರಳಿಗೆ ಚಾಕ್‌ಪೀಸಿನ ಪುಡಿ ಮೆತ್ತಿಕೊಂಡು ನಿಂತಿದ್ದಳು. ನನ್ನನ್ನು ನೋಡಿದಳು, ಯಜಮಾನರ ಮುಂದಿದ್ದ ಅರ್ಜಿಯನ್ನೂ ನೋಡಿದಳು. ಸುಮಾಳನ್ನು ಹತ್ತಿರ ಕರೆದು ಲೆಕ್ಕ ಕೇಳತೊಡಗಿದಳು. ಸುಮಾ ಬೆರಳಿನ ಗೆಣ್ಣು ಎಣಿಸಿ ಒಂದೊಂದಕ್ಕೂ ಸರಿಯಾದ ಉತ್ತರ ಕೊಟ್ಟಳು. ಆ ಗೆಣ್ಣಿನ ಲೆಕ್ಕವನ್ನು ಅವರಿಬ್ಬರಿಗೂ ಕಲಿಸಿದವನು ನಾನೇ.

ಯಜಮಾನರು ಬೆರಗಾಗಿ, "ಎಲ್ಲಿ ಓದ್ತಾ ಇತ್ತು ಮಗು?" ಎಂದರು. ಸುಮಾ, "ಸರ್ಕಾರಿ ಸ್ಕೂಲು," ಎಂದುಬಿಟ್ಟಳು. ಯಜಮಾನರು ನಕ್ಕು, "ಅಲ್ಲಿ ಯಾರು ಇಷ್ಟು ಹೇಳ್ಕೊಡ್ತಾರೆ ಬುಡಿ. ಆ ಮೇಷ್ಟ್ರುಗಳು ಸಂಬಳ ತಗೊಂಡು ನಿದ್ದೆ ಹೊಡೀತಾವೆ. ಇದು ಮನೇಲಿ ಹೇಳ್ಕೊಟ್ಟಿರೋದು, ಅಲ್ವಾ?" ಎಂದರು. ನಾನು ಎದ್ದು ನಿಲ್ಲಬೇಕಿತ್ತು. ಹದಿನೆಂಟು ವರ್ಷ ಬಿಸಿಲಿನಲ್ಲಿ ಅಲೆದು ಮಕ್ಕಳನ್ನು ಕೂಡಿಸಿದವನು ನಾನೇ ಎನ್ನಬೇಕಿತ್ತು. ರತ್ನ ನನ್ನನ್ನೇ ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು, "ಹೌದು ಯಜಮಾನ್ರೇ, ಮನೇಲೇ." ಆ ಮಾತು ಕೇಳಿ ನನಗೇ ಗಾಬರಿಯಾಯಿತು.

ಸೀಟು ಸಿಕ್ಕಿತು. ಗೇಟಿನವರೆಗೂ ರತ್ನ ಹಿಂದೆಯೇ ಬಂದಳು. ಏನಾದರೂ ಅನ್ನಲಿ, ಅನ್ನಿಸಿಕೊಳ್ಳಲು ನಾನು ತಯಾರಿದ್ದೆ. ಅವಳು, "ಸಾ, ನಮ್ಮ ಕೊನೇ ತಂಗಿ ಗೌರಿ ಈ ವರ್ಷ ಒಂದನೇ ಕ್ಲಾಸು. ನಿಮ್ಮ ಸ್ಕೂಲಿಗೇ ಹಾಕ್ತಾ ಇದೀವಿ," ಎಂದಳು.

"ಇಲ್ಲಿಗೇ ಸೇರಿಸ್ಕೋಬಹುದಿತ್ತಲ್ಲಮ್ಮ. ನೀನೇ ಟೀಚರ್ರು."

"ನನ್ನ ಸಂಬಳದಾಗೆ ಇಲ್ಲಿ ಫೀಜು ಕಟ್ಟಕ್ಕಾಗಲ್ಲ ಸಾ," ಎಂದು ನಕ್ಕಳು. "ಕಟ್ಟಂಗಿದ್ರೂ ಅಲ್ಲಿಗೇ ಹಾಕ್ತಿದ್ದೆ. ಅಲ್ಲಿ ನೀವಿದೀರಲ್ಲ. ನಿಮ್ಮ ಮಗೂನ ನಾನು ನೋಡ್ಕತೀನಿ, ನಮ್ಮುಡ್ಗೀನ ನೀವು ನೋಡ್ಕಳಿ." ಆ ಮಾತಿನಲ್ಲಿ ವ್ಯಂಗ್ಯವಿದೆಯೇನೋ ಎಂದು ಅವಳ ಮುಖದಲ್ಲಿ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಜೂನಿನಿಂದ ನಾನು ಶಾಲೆಗೆ ಬೆಲ್ಲಿಗಿಂತ ಮೊದಲೇ ಹೋಗತೊಡಗಿದೆ. ಇನ್‌ಸ್ಪೆಕ್ಟರಿಗೆ ಎಂದೂ ಹೆದರದವನು ಮುಂದಿನ ಸಾಲಿನಲ್ಲಿ ಕೂತ ಒಂದು ಪುಟ್ಟ ಹುಡುಗಿಗೆ ಹೆದರಿದೆ. ಇವತ್ತು ಮೇಷ್ಟ್ರು ಏನು ಹೇಳಿಕೊಟ್ಟರು ಎಂದು ಅಕ್ಕ ದಿನಾ ಸಂಜೆ ಕೇಳುತ್ತಾಳಂತೆ, ಇದು ಎಲ್ಲವನ್ನೂ ಒಪ್ಪಿಸುತ್ತದಂತೆ. ತಿಂಗಳು ಕಳೆದಿರಬೇಕು, ಒಂದು ದಿನ ಗೌರಿ ಎದ್ದು ನಿಂತು, "ಸಾ, ನಿಮ್ಮ ಸುಮಾ ಯಾಕೆ ನಮ್ಮ ಸ್ಕೂಲಿಗೆ ಬರಲ್ಲ?" ಎಂದು ಕೇಳಿತು. ಇಡೀ ಕ್ಲಾಸು ನನ್ನ ಕಡೆ ನೋಡಿತು. ನಾನು ಗಂಭೀರವಾಗಿ, ಕೂತ್ಕೊಂಡು ಒಂಬತ್ತರ ಮಗ್ಗಿ ಬರಿ ಎಂದೆ. ಆ ಮಗು ಇನ್ನೂ ಎರಡರ ಮಗ್ಗಿಯನ್ನೇ ಕಲಿತಿರಲಿಲ್ಲ.