ಇಪ್ಪತ್ತು ಫೈಲುಗಳ ನಾಮಕರಣ

ಗಂಡನಾದವನು ಸಹಾಯ ಮಾಡುತ್ತೇನೆಂದು ತಾನಾಗಿ ಬಾಯಿ ಬಿಡಬಾರದು. ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಡೀ ಬತಾಂಗಸ್ ಸೀಮೆಯಲ್ಲಿ ನನಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನನ್ನ ಹೆಂಡತಿ ಎಡ್ಲಿನ್ ಶಾಲಾ ಶಿಕ್ಷಕಿ. ಮುಖ್ಯೋಪಾಧ್ಯಾಯಿನಿಯಾಗಲು ಹನ್ನೊಂದು ವರ್ಷ ಕಾದವಳು. ಆ ಶುಕ್ರವಾರ ಸಂಜೆ ಐದರೊಳಗೆ ಇಪ್ಪತ್ತು ಪಾಠಗಳ ಫೈಲುಗಳನ್ನು ಇಲಾಖೆಗೆ ಕಳಿಸಬೇಕಿತ್ತು. ಪ್ರತಿ ಫೈಲಿನ ಹೆಸರೂ ಅವಳ ಮನೆತನದ ಹೆಸರು ಮತ್ತು ಪಾಠದ ಸಂಖ್ಯೆಯಿಂದ ಶುರುವಾಗಬೇಕು, ಇಲ್ಲದಿದ್ದರೆ ಅರ್ಜಿ ಕಸದ ಬುಟ್ಟಿಗೆ. ಗಂಟೆ ನಾಲ್ಕೂವರೆ ದಾಟಿತ್ತು. ಎಡ್ಲಿನ್ ಇನ್ನೂ ಎರಡನೆಯ ಫೈಲಿನ ಮೇಲೆ ಮೌಸ್ ಹಿಡಿದು ಬೆವರುತ್ತಿದ್ದಳು.

"ಏಳು ಮಮ್ಮಿ. ಎಫ್-ಟೂ ಒತ್ತು, ಹೆಸರು ಹಾಕು, ಎಂಟರ್ ಹೊಡಿ. ಅಷ್ಟೇ ತಾನೆ?" ಎಂದು ಹೆಂಡತಿಯ ಕುರ್ಚಿ ಕಸಿದುಕೊಂಡೆ. ನಮ್ಮ ಕಡೆ ಗಂಡಹೆಂಡಿರು ಒಬ್ಬರನ್ನೊಬ್ಬರು ಕರೆಯುವುದೇ ಮಮ್ಮಿ, ಡ್ಯಾಡಿ ಎಂದು. (ಕಚೇರಿಯಲ್ಲಿ ನನ್ನನ್ನು ಶಾರ್ಟ್‌ಕಟ್ ಚಕ್ರವರ್ತಿ ಎನ್ನುತ್ತಾರೆ. ಎನ್ನುವವನು ನಾನೊಬ್ಬನೇ.)

"ಆ ಕೀ ಬೇಡ ಡ್ಯಾಡಿ. ಅದಕ್ಕೆ ನಾನು ಬೇರೆ ಏನೋ ಕೆಲಸ ಹಚ್ಚಿದ್ದೆ. ಏನು ಅಂತ ಈಗ ಹೊಳೀತಿಲ್ಲ" ಎಂದಳು.

ಹೊಳೆಯಲಿ ಎಂದು ಕಾಯುವಷ್ಟು ಸಮಯವಿರಲಿಲ್ಲ. ಒಂದರಿಂದಲೇ ಶುರುಮಾಡಿದೆ. ಬೆರಳುಗಳು ಓಡಿದವು, ಬಾಯಿಯೂ ಓಡಿತು. ನಾಲ್ಕನೆಯ ಫೈಲಿನ ಹೊತ್ತಿಗೆ ಅವಳ ಅಮ್ಮ ಕಳಿಸಿದ ಅಡೋಬೋ ಮೇಜಿನ ಮೇಲೆ ಹಾಗೇ ಇದೆಯೆಂದು ಎಡ್ಲಿನ್ ಆಕ್ಷೇಪಿಸಿದಳು. ಒಂಬತ್ತರ ಹೊತ್ತಿಗೆ, ಆ ಹಂದಿಮಾಂಸಕ್ಕೆ ಸುರಿದ ವಿನಿಗರ್‌ನಲ್ಲಿ ಬಚ್ಚಲು ತೊಳೆಯಬಹುದೆಂದು ನಾನು ಅಪ್ಪಣೆ ಕೊಡಿಸಿದೆ. ಹದಿನಾಲ್ಕರಲ್ಲಿ ತಾಳ್ಮೆ ಕೆಟ್ಟು, ಹತ್ತೊಂಬತ್ತು ವರ್ಷದಿಂದ ಅತ್ತೆಯ ಅಡೋಬೋವನ್ನು ಪಕ್ಕದ ಮನೆಯ ನಾಯಿಗೇ ಹಾಕುತ್ತಿದ್ದೇನೆಂದು ಒಪ್ಪಿಕೊಂಡುಬಿಟ್ಟೆ. ಅಂಗೈಯಗಲದ ಪರದೆಯಲ್ಲಿ ಹೆಸರುಗಳ ಆರಂಭವಷ್ಟೇ ಕಾಣುತ್ತಿತ್ತು. ಅದು ಸರಿಯಾಗಿಯೇ ಇತ್ತು. ಐದಕ್ಕೆ ಮೂರು ನಿಮಿಷವಿರುವಾಗ ಇಪ್ಪತ್ತೂ ಹೋದವು. ಎಡ್ಲಿನ್ ನಿಟ್ಟುಸಿರು ಬಿಟ್ಟಳು, ನಾನು ಮೀಸೆ ತಿರುವಿದೆ.

ಕೂಡಲೇ ಅವಳಿಗೆ ಹೊಳೆಯಿತು. ಮಣಿಕಟ್ಟು ನೋಯುತ್ತಿದ್ದಾಗ, ಮಾತನ್ನು ಕೇಳಿ ಬರೆದುಕೊಳ್ಳುವ ಸೌಲಭ್ಯವನ್ನು ಆ ಕೀಗೇ ಹಚ್ಚಿದ್ದಳಂತೆ. ಅಂದರೆ ಒಂದೇ ಒತ್ತಿಗೆ ಹೆಸರಿನ ಪೆಟ್ಟಿಗೆಯೂ ತೆರೆದಿತ್ತು, ಮೈಕೂ ತೆರೆದಿತ್ತು. ಫೈಲುಗಳ ಪೂರ್ತಿ ಹೆಸರು ಬಿಚ್ಚಿ ನೋಡಿದೆವು. ನಮ್ಮ ಜಗಳ ಸಂಖ್ಯೆ ಸಮೇತ, ಇಪ್ಪತ್ತು ಕಂತುಗಳಲ್ಲಿ ಇಲಾಖೆಗೆ ತಲುಪಿತ್ತು.

ಸೋಮವಾರ ಮೇಲಧಿಕಾರಿ ಮೇಡಂ ಪುರಿಂಗ್ ಫೋನ್ ಮಾಡಿದರು. ಎಡ್ಲಿನ್ ಸ್ಪೀಕರಿಗೆ ಹಾಕಿದಳು.

"ಪಾಠಗಳು ಚೆನ್ನಾಗಿವೆ. ಹೆಸರುಗಳು ಇನ್ನೂ ಚೆನ್ನಾಗಿವೆ" ಎಂದರು ಮೇಡಂ. "ಹತ್ತೊಂಬತ್ತು ವರ್ಷ ಈ ಮನುಷ್ಯನ್ನ ಸಂಭಾಳಿಸಿದೋಳಿಗೆ ಒಂದು ಶಾಲೆ ಯಾವ ಲೆಕ್ಕ? ಬುಧವಾರ ಸಂದರ್ಶನಕ್ಕೆ ಬಾಮ್ಮ."

ಎಡ್ಲಿನ್ ಕುಣಿದಳು. ಹನ್ನೊಂದು ವರ್ಷದ ಕಾಯುವಿಕೆ ನನ್ನ ಬಾಯಿಂದಲೇ ಮುಗಿಯಿತೆಂದು ನಾನೂ ಎದೆಯುಬ್ಬಿಸಿದೆ.

"ಆಮೇಲೆ, ನಿನ್ನಮ್ಮ ನನ್ನ ಹಳೇ ಗೆಳತಿ, ಗೊತ್ತಲ್ಲ. ಹದಿನಾಲ್ಕನೇದನ್ನ ನನ್ನ ಕೈಲಿ ಎರಡು ಸಲ ಓದಿಸ್ಕೊಂಡ್ಲು" ಎಂದು ಮೇಡಂ ಮುಂದುವರಿಸಿದರು. "ದೊಡ್ಡ ಪಾತ್ರೆ ತುಂಬ ಅಡೋಬೋ ತಗೊಂಡು ಬೆಳಗ್ಗೇನೇ ನಿಮ್ಮನೆಗೆ ಹೊರಟ್ಲು. ಅಳಿಯ ತಿಂದು ಮುಗಿಸೋ ತನಕ ಎದುರಿಗೇ ಕೂತಿರ್ತಾಳಂತೆ."