ಹಿತ್ತಲಿನಿಂದ ಬರುವ ಸೈಕಲ್ಲು

ನಮ್ಮ ಚಿಕ್ಕಪ್ಪನನ್ನು ಅವರ ಸೈಕಲ್ಲು ಹೊತ್ತದ್ದಕ್ಕಿಂತ ಅವರು ಸೈಕಲ್ಲನ್ನು ಹೊತ್ತದ್ದೇ ಹೆಚ್ಚು. ಇದನ್ನು ಹೇಳಿದರೆ ನನ್ನ ಮೊಮ್ಮಗ ನಂಬುವುದಿಲ್ಲ. ಮೊನ್ನೆ ಅವನೊಂದು ಸೈಕಲ್ ತಂದ. ಮೌಂಟನ್ ಬೈಕ್ ಅಂತೆ. ಅದಕ್ಕೆ ಗೇರು, ಶಾಕ್ ಅಬ್ಸಾರ್ಬರು. ಅವನಿಗೆ ಹೆಲ್ಮೆಟ್ಟು, ಗ್ಲೌಸು. "ಗುಡ್ಡ, ಕಾಡು, ಹಳೇ ಕೋಟೆ ಎಲ್ಲಾ ಸುತ್ತೋದು ಅಜ್ಜಿ, ನ್ಯೂ ಸ್ಪೋರ್ಟ್" ಎಂದ. ಈ ನ್ಯೂ ಸ್ಪೋರ್ಟನ್ನು ಅರವತ್ತರ ದಶಕದಲ್ಲೇ ಬಳ್ಳಾರಿಯ ಬ್ರೂಸ್‌ಪೇಟೆಯ ಅರಿವೆ ಅಂಗಡಿಯವರೊಬ್ಬರು ಧೋತರದ ಕಚ್ಚೆ ಬಿಗಿದು ಆಡಿ ಮುಗಿಸಿದ್ದರು ಎಂದರೆ ಯಾರು ನಂಬಬೇಕು?

ಅಂಗಡಿ ನಮ್ಮಪ್ಪನದು. ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ, ಅವರ ತಮ್ಮನಾದ ಈ ಚಿಕ್ಕಪ್ಪ ಗಜಕೋಲು ಹಿಡಿದು ಬಟ್ಟೆ ಅಳೆಯುತ್ತಿದ್ದರು. ವಾರದ ರಜೆ ಬಂತೆಂದರೆ ಬಳ್ಳಾರಿಯೆಲ್ಲ ಮಧ್ಯಾಹ್ನ ಮಲಗುತ್ತದೆ; ಇವರು ಬೆಳಗಾಗುವ ಮೊದಲೇ ಕರಿ ಸೈಕಲ್ ಏರಿ ಗುಡ್ಡದ ಕಡೆ ಮಾಯ. ರಸ್ತೆಯಲ್ಲಿ ಹೋಗುತ್ತಾರೆ ಎಂದುಕೊಳ್ಳಬೇಡಿ. ಟಾರು ರಸ್ತೆ ಎಂದರೆ ಅವರಿಗೆ ಅಲರ್ಜಿ. "ಟಾರ್ ರೋಡಿನ್ಯಾಗ ಹೋಗಾಕ ಬಸ್ಸು ಐತೆಲ್ಲ, ಸೈಕಲ್ ಯಾಕ ಬೇಕು?" ಎನ್ನುತ್ತಿದ್ದರು. ಜಾಲಿ, ಸೀತಾಫಲದ ಪೊದೆಗಳ ನಡುವೆ ಕುರಿ ನಡೆದ ಜಾಡೇ ಅವರ ಹೈವೇ. ಬಂಡೆ ಬಂದರೆ ಸೈಕಲ್ಲನ್ನು ಹೆಗಲಿಗೇರಿಸುವುದು, ಗುಡ್ಡದ ನೆತ್ತಿಗೆ ಏರಿ ಇಳಿಯುವುದು. ಇಳಿಯುವಾಗ ಬ್ರೇಕಿನ ಕೆಲಸವನ್ನು ಚಪ್ಪಲಿ ಮಾಡುತ್ತಿತ್ತಾದ್ದರಿಂದ ನಮ್ಮ ಮನೆಯಲ್ಲಿ ಸೈಕಲ್ ರಿಪೇರಿಗಿಂತ ಚಪ್ಪಲಿ ರಿಪೇರಿಯೇ ಜಾಸ್ತಿ.

ಸೈಕಲ್ಲಿಗೆ ಅವರು ತೆಲುಗಿನಲ್ಲಿ ಮಾತ್ರ ಬೈಯುತ್ತಿದ್ದರು. ಚೈನು ಬಿದ್ದರೆ "ನೀಕೇಮೊಚ್ಚಿಂದೇ?", ಅಂದರೆ ನಿನಗೇನು ಬಂತೇ, ಎಂದು ಕೇಳುವುದು. ಕನ್ನಡದಲ್ಲಿ ಯಾಕೆ ಬೈಯುವುದಿಲ್ಲ ಎಂದರೆ, "ಮನೀ ಮಾತಿನ್ಯಾಗ ಬೈದ್ರ ಅದು ಮನಸಿಗೆ ಹಚ್ಕೊಂತೈತಿ" ಎಂಬ ಉತ್ತರ. ಪಕ್ಕದಲ್ಲಿದ್ದ ಚಿಕ್ಕಮ್ಮ, "ನನಗ ಮಾತ್ರ ಕನ್ನಡದಾಗೇ ಬೈತಾರ ನೋಡವ್ವಾ" ಎಂದು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳುತ್ತಿದ್ದರು.

ಒಮ್ಮೆ ಜಾಲಿಮುಳ್ಳು ಚುಚ್ಚಿ ಟ್ಯೂಬು ಪಂಚರ್ ಹಾಕಲೂ ಬಾರದ ಸ್ಥಿತಿಗೆ ಬಂತಂತೆ. ಇವರು ಟಯರಿನೊಳಗೆ ಒಣಹುಲ್ಲು ತುರುಕಿ ಹೊಲಿದು, ಅದರ ಮೇಲೇ ಬಳ್ಳಾರಿ ಸೇರಿದರು. ಬ್ರೂಸ್‌ಪೇಟೆಯ ಓಣಿಗೆ ಬರುವಾಗ ಹಿಂದೆ ಒಂದು ಆಕಳು. ಟಯರಿನ ಬಿರುಕಿನಿಂದ ಇಣುಕುತ್ತಿದ್ದ ಹುಲ್ಲನ್ನು ಅದು ನಮ್ಮ ಅಂಗಡಿಯ ಮುಂದೆಯೇ ಎಳೆದು, ಗಿರಾಕಿಗಳ ಎದುರು, ಆರಾಮಾಗಿ ಮೇಯ್ದಿತು. ಅಪ್ಪ ಆ ದಿನ ಬೇಗ ಬಾಗಿಲು ಹಾಕಿದರು.

ನನ್ನನ್ನೂ ಅವರು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕುರುಗೋಡಿನ ಕಡೆ ಕರೆದೊಯ್ದಿದ್ದುಂಟು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಲೇಡಿಲೈಕ್ ಆಗಿ ಕೂರುವುದನ್ನು ಕಲಿಸಿದ್ದರು. ಕಲ್ಲಿನ ಮೇಲೆ ಹಾರುವ ಕ್ಯಾರಿಯರ್‌ಗೆ ಆ ಪಾಠ ಅನ್ವಯಿಸುತ್ತಿರಲಿಲ್ಲ. ಗುಡ್ಡದ ಬುಡದಲ್ಲಿ ಪೊದೆಗಳು ಮುತ್ತಿದ ಹಳೆಯ ಕಲ್ಲುಗುಡಿಗಳು. ಚಿಕ್ಕಪ್ಪ ಬಾಗಿಲ ಕಡೆ ತಿರುಗಿಯೂ ನೋಡದೆ ನೇರ ಹಿಂದಕ್ಕೆ ನಡೆದರು.

"ಚಿಕ್ಕಪ್ಪಾ, ಎಂಟ್ರೆನ್ಸ್ ಈ ಕಡೆ ಐತಿ."

"ಇರಲೇಳು. ಮುಂದಿನ ಗ್ವಾಡಿ ರಾಜ ನೋಡತಾನಂತ ಎಲ್ಲಾರೂ ಚಂದ ಕೆತ್ತತಾರವ್ವಾ. ಹಿಂದಿಂದು ಯಾರು ನೋಡತಾರ? ಅಲ್ಲೂ ನಿಯತ್ತಿಲೆ ಉಳಿ ಆಡಿಸಿದ್ರ ಅವ ಕೆಲಸಗಾರ."

ನನ್ನ ಬಾಕ್ಸ್ ಕ್ಯಾಮೆರಾದ ರೋಲೆಲ್ಲ ಗುಡಿಗಳ ಬೆನ್ನುಗಳಿಂದಲೇ ತುಂಬಿತು. ಪ್ರಿಂಟ್ ನೋಡಿ ಅಪ್ಪ, "ನೀವು ದೇವಸ್ಥಾನಕ್ಕ ಹೋಗಿದ್ರೋ, ಅದರ ಹಿತ್ತಲಕ್ಕೋ?" ಎಂದರು.

ನಾನು ಪಿಯುಸಿ ಮುಗಿಸಿದ ವರ್ಷ ಹಚ್ಚೊಳ್ಳಿಯಿಂದ ಒಂದು ಸಂಬಂಧ ಬಂತು. ಕಾಲುವೆ ನೀರಿನ ಗದ್ದೆ, ದೊಡ್ಡ ಮನೆ, ಡಿಗ್ರಿ ಆದ ಎರಡನೇ ಮಗ. ಫೋಟೋದಲ್ಲಿ ಆತ ಟೈ ಕಟ್ಟಿದ್ದ. ಇಂಗ್ಲಿಷಿನಲ್ಲಿ ಮಾತಾಡುವ ಗಂಡ ಬೇಕೆಂದಿದ್ದ ನನಗೆ ಆ ಟೈ ಸಾಕಾಯಿತು. ಫೋಟೋವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ ಎಂದು ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯೇನೂ ಇಲ್ಲ.

ನಮ್ಮಲ್ಲಿ ಮಾತು ಪಕ್ಕಾ ಆಗುವ ಮುಂಚೆ ಹೆಣ್ಣಿನ ಕಡೆಯವರು ಗಂಡಿನ 'ಮನಿ ನೋಡಾಕ' ಹೋಗುತ್ತಾರೆ. ನೋಡುವುದೆಂದರೆ ಪಡಸಾಲೆಯಲ್ಲಿ ಕೂತು ಉಪ್ಪಿಟ್ಟು ತಿಂದು, ಜಂತೆ ತೊಲೆ ಹೊಗಳಿ ಬರುವುದು. ಹೋದವರಲ್ಲಿ ಒಬ್ಬರು ನೀರು ಮುಟ್ಟದೆ ಎದ್ದರೂ ಸಂಬಂಧ ಮುರಿದಂತೆಯೇ. ಅಪ್ಪ ಮತ್ತು ಹಿರಿಯರು ಬಾಡಿಗೆ ಕಾರಿನಲ್ಲಿ ಹೋದರು. ಚಿಕ್ಕಪ್ಪ ಸಿರುಗುಪ್ಪದವರೆಗೆ ಬಸ್ಸಿನ ಟಾಪಿನ ಮೇಲೆ ಸೈಕಲ್ ಹಾಕಿ, ಅಲ್ಲಿಂದ ಕಾಲುವೆ ಏರಿ, ಗದ್ದೆಬದು ಹಿಡಿದು ಹೊರಟರು. ಅಂಥ ದಾರಿಗಳು ಊರಿನ ಮುಂಬಾಗಿಲಿಗೆ ಮುಟ್ಟಿಸುವುದಿಲ್ಲವಲ್ಲ? ಅವರು ಹೋಗಿ ಸೇರಿದ್ದು ಆ ಮನೆಯ ಹಿತ್ತಲಿಗೆ.

ಪಡಸಾಲೆಯಲ್ಲಿ ಬೆಳ್ಳಿ ಲೋಟ ಹರಿದಾಡುತ್ತಿದ್ದಾಗ ಮೊಳಕಾಲವರೆಗೆ ಕೆಸರು ಮೆತ್ತಿಕೊಂಡ ಚಿಕ್ಕಪ್ಪ ಅಡಿಗೆಮನೆಯ ಕಡೆಯಿಂದ ಒಳಗೆ ಬಂದರಂತೆ. ಕೂರಲಿಲ್ಲ. ಕೊಟ್ಟ ನೀರು ಮುಟ್ಟಲಿಲ್ಲ.

"ಅಣ್ಣಾ, ಏಳು. ಈ ಮನಿಗೆ ದಾರಿ ಸರಿ ಇಲ್ಲ."

"ಕಾರು ಬಾಗಲ ತನಕ ಬಂದೈತಿ. ದಾರಿ ಸರಿ ಇಲ್ಲ ಅಂತಿಯೇನಲೇ?"

"ಕಾರು ಬಂದಿರಬಹುದು. ನನ್ನ ಸೈಕಲ್ ಬರೂದಿಲ್ಲ."

ಅಷ್ಟೇ. ಸಂಬಂಧ ಮುರಿಯಿತು. ಸೈಕಲ್ ಹೋಗುವುದಿಲ್ಲವೆಂದು ಮದುವೆ ತಪ್ಪಿದ ಹುಡುಗಿ ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಹುಡುಗಿಯ ಚಿಕ್ಕಪ್ಪನಿಗೆ ತಲೆ ನೆಟ್ಟಗಿಲ್ಲ ಎಂದು ಬ್ರೂಸ್‌ಪೇಟೆಯೆಲ್ಲ ಸುದ್ದಿಯಾಗಿ, ಬರಬೇಕಿದ್ದ ಇನ್ನೆರಡು ಕಡೆಯವರೂ ಬರಲಿಲ್ಲ. ಅಪ್ಪ ತಮ್ಮನ ಜೊತೆ ಮಾತು ಬಿಟ್ಟರು. ಬಟ್ಟೆ ಅಳೆಯಲು ಹೇಳಬೇಕಾದರೂ ಗಿರಾಕಿಯ ಮೂಲಕ ಹೇಳಿಸುವರು. ನಾನು ಟೈನ ಫೋಟೋ ಹಿಡಿದು ಅತ್ತೆ.

"ಅಲ್ಲಿ ಏನು ನೋಡಿದ್ರಿ ಚಿಕ್ಕಪ್ಪಾ? ಹೇಳ್ರಿ."

"ದಾರಿ ನೋಡಿದ್ನವ್ವಾ."

ಹಚ್ಚೊಳ್ಳಿಯಿಂದ ಮರಳಿದ ಮರುದಿನವೇ ಇನ್ನೊಂದು ಸೋಜಿಗ. ಚಿಕ್ಕಪ್ಪ ಅಂಗಡಿ ಬಿಟ್ಟು ಮೋಕ ಎಂಬ ಊರಿಗೆ ಹೋದರು, ಅದೂ ಟಾರು ರಸ್ತೆಯಲ್ಲಿ, ಬೆನ್ನ ಹಿಂದೆ ನಾಯಿ ಬಿದ್ದವರ ಹಾಗೆ ತುಳಿದುಕೊಂಡು. ಏಕೆಂದು ಯಾರೂ ಕೇಳಲಿಲ್ಲ. ಕೇಳುವಷ್ಟು ಪ್ರೀತಿ ಆಗ ಯಾರಿಗೂ ಉಳಿದಿರಲಿಲ್ಲ.

ಮುಂದಿನ ವರ್ಷ ಕುರುಗೋಡಿನ ಗುಡ್ಡ ಇಳಿಯುವಾಗ ಅವರ ಚಪ್ಪಲಿ ಕಿತ್ತುಹೋಯಿತು. ಎಂದರೆ ಬ್ರೇಕು ಫೇಲ್. ಸೈಕಲ್ ಸಮೇತ ಉರುಳಿ ಯಾರದೋ ಹಿತ್ತಲಿನ ತಿಪ್ಪೆಯಲ್ಲಿ ಬಿದ್ದರು. ಅಲ್ಲಿ ಸಾಲಿ ಮಾಸ್ತರನೊಬ್ಬ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದ. ಮುಂದಿನದು ಆ ಮಾಸ್ತರರೇ ನನಗೆ ಸಾವಿರ ಸಲ ಹೇಳಿದ್ದು.

"ಪೆಟ್ಟಾತೇನ್ರಿ?"

"ಅದಿರಲಿ. ನೀ ಯಾಕಪ್ಪಾ ಪಾತ್ರಿ ತಿಕ್ಕಾಕತ್ತಿ?"

"ಅವ್ವಗ ಕೈಲಾಗೂದಿಲ್ರಿ."

"ಇವತ್ತಷ್ಟೋ, ದಿನಾನೋ?"

"ದಿನಾ ಉಣ್ತೀವಲ್ರಿ."

ಚಿಕ್ಕಪ್ಪ ತಿಪ್ಪೆಯಿಂದ ಇನ್ನೂ ಎದ್ದಿರಲಿಲ್ಲ. "ಮದುವಿ ಆಗೇತೇನು?" ಎಂದರು.

ತಿಪ್ಪೆಯಲ್ಲಿ ಕೂತು ಕೇಳಿದ ಸಂಬಂಧ ನಮ್ಮದು. ಫೋಟೋದಲ್ಲಿ ಟೈ ಇರಲಿಲ್ಲ, ಫೋಟೋವೇ ಇರಲಿಲ್ಲ. ಅಪ್ಪ ಮಾತು ಬಿಟ್ಟದ್ದನ್ನೂ ಮರೆತು ಕೂಗಾಡಿದರು. "ಆ ಓಣ್ಯಾಗ ಟಾಂಗಾ ಸೈತ ತಿರುಗೂದಿಲ್ಲ!" ಚಿಕ್ಕಪ್ಪನದು ಒಂದೇ ಮಾತು. "ನನ್ನ ಸೈಕಲ್ ಹೋಗತೈತಣ್ಣಾ." ಬೇರೆ ಸಂಬಂಧಗಳ ಸುಳಿವೂ ಇಲ್ಲದ್ದರಿಂದ ಅಪ್ಪ ಗೊಣಗುತ್ತ ಒಪ್ಪಿದರು.

ಮದುವೆಯ ದಿನ ಮೋಕದಿಂದ ಒಬ್ಬ ರೈತ ತಂಗಿಯನ್ನು ಕರೆದುಕೊಂಡು ಬಂದ. ನಮಗ್ಯಾರಿಗೂ ಪರಿಚಯವಿಲ್ಲ. ಆಕೆ ಚಿಕ್ಕಪ್ಪನ ಕಾಲಿಗೆ ಬಿದ್ದಳು. ಚಿಕ್ಕಪ್ಪ ಕಾಲು ಹಿಂದೆಳೆದುಕೊಂಡು ಅಡಿಗೆ ಚಪ್ಪರದ ಹಿಂದಕ್ಕೆ ಓಡಿಹೋದರು. ಆಗ ಆಕೆಯೇ ಅಪ್ಪನಿಗೆ ಹೇಳಿದಳು. ಆಕೆ ಹಚ್ಚೊಳ್ಳಿಯ ಆ ಮನೆಯ ಹಿರಿಸೊಸೆ. ಹೊಡೆತಕ್ಕೆ ಒಡೆದ ತುಟಿ ಬೀಗರ ಕಣ್ಣಿಗೆ ಬೀಳಬಾರದೆಂದು ಆ ದಿನ ಆಕೆಯನ್ನು ದನದ ಕೊಟ್ಟಿಗೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ಹಿತ್ತಲಿನಿಂದ ಬಂದ ಸೈಕಲ್ಲಿನವರು ಚಿಲಕ ತೆಗೆದು ತಮ್ಮ ಬಳಿಯಿದ್ದ ನೀರು ಕುಡಿಸಿದರು.

"ಮೋಕದಾಗ ನಮ್ಮಣ್ಣಗ ಹೇಳ್ರಿ, ಬ್ಯಾರೆ ಯಾರಿಗೂ ಹೇಳಬ್ಯಾಡ್ರಿ ಅಂದಿದ್ದೆ. ಅಣ್ಣ ಮರುದಿನಾನ ಬಂದು ಕರಕೊಂಡು ಹೋದ. ಇವರು ಯಾರಿಗೂ ಹೇಳಿಲ್ಲಂತ ಇವತ್ತು ಗೊತ್ತಾತ್ರಿ."

ಅಪ್ಪ ಒಂದೇ ಎಲೆಗೆ ಇಬ್ಬರ ಊಟ ಬಡಿಸಿಕೊಂಡು ಚಪ್ಪರದ ಹಿಂದೆ ಹೋದರು.

ಆಮೇಲೆ ತಿಂಗಳಿಗೊಮ್ಮೆಯಾದರೂ ಕುರುಗೋಡಿನ ನಮ್ಮ ಹಿತ್ತಲಿನಲ್ಲಿ ಸೈಕಲ್ ಗಂಟೆ ಕೇಳುತ್ತಿತ್ತು. "ನಿಮ್ಮ ಚಿಕ್ಕಪ್ಪಗ ಮುಂಬಾಗಲ ಐತಂತ ಹೇಳವ್ವಾ" ಎಂದು ಅತ್ತೆ ನಗುತ್ತಿದ್ದರು. ಚಿಕ್ಕಪ್ಪ ನನ್ನ ಮುಖ ನೋಡುವರು, ಪಾತ್ರೆ ತಿಕ್ಕುವ ಕಲ್ಲಿನ ಕಡೆ ನೋಡುವರು, ನೀರು ಕುಡಿದು ಹೊರಡುವರು.

ಎಂಬತ್ತರ ದಶಕದಲ್ಲಿ ಅವರ ಮೊಳಕಾಲು ಸೋತವು. ಒಂದು ದಿನ ಬಸ್ಸಿನಲ್ಲಿ ಬಂದರು. ಜೀವನದಲ್ಲಿ ಮೊದಲ ಸಲ ನಮ್ಮ ಮುಂಬಾಗಿಲಿಗೆ. ನಾನು ಚಾಪೆ ಹಾಸಿದೆ, ನೀರು ತಂದೆ. ಅವರು ಹೊಸ್ತಿಲಾಚೆಯೇ ಕೋಲೂರಿ ನಿಂತರು, ಪರವೂರಿನವರ ಹಾಗೆ.

"ಒಳಗ ಬರ್ರಿ ಚಿಕ್ಕಪ್ಪಾ."

"ಮುಂದಿನಿಂದ ಬಂದ್ರ ಏನೂ ಗೊತ್ತಾಗಂಗಿಲ್ಲವ್ವಾ."

ನಾನು ನೀರಿನ ತಂಬಿಗೆ ಅಲ್ಲೇ ಇಟ್ಟು, ಅವರ ಕೈ ಹಿಡಿದುಕೊಂಡು, ಗೋಡೆಯ ಪಕ್ಕದ ಸಂದಿಯಿಂದ ನಿಧಾನವಾಗಿ ಮನೆ ಸುತ್ತಿಸಿ ಹಿತ್ತಲಿಗೆ ಕರೆದೊಯ್ದೆ. ನನ್ನ ಯಜಮಾನರು ಕಲ್ಲಿನ ಮೇಲೆ ಬೂದಿ ಕೈಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಚಿಕ್ಕಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಅದೇ ಕಲ್ಲಿನ ಅಂಚಿಗೆ ಕೂತು, ಕೋಲು ಪಕ್ಕಕ್ಕೆ ಒರಗಿಸಿ ಹೇಳಿದರು:

"ಈಗ ನೀರು ಕೊಡವ್ವಾ."