ಮುನೀಂದ್ರನ ಕಫದ ಡಬ್ಬಿ

ಮುನೀಂದ್ರ ಕೆಮ್ಮಿದ್ದು ತಪ್ಪಲ್ಲ, ಸಾಂಬಾರಿನ ಕೊಳಗದ ಮೇಲೆ ಬಗ್ಗಿ ಕೆಮ್ಮಿದ್ದು ತಪ್ಪಾಯಿತು. ಮಾರಿಕುಪ್ಪಂನಲ್ಲಿ ದಿನಾ ರೈಲು ಹತ್ತಿ, ಬೆಂಗಳೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಬೇಯಿಸಿ ಹಾಕುವವನು ಅವನು. ಮೂರು ವಾರದಿಂದ ಬಿಡದ ಕೆಮ್ಮನ್ನು ಒಗ್ಗರಣೆಯ ಘಾಟು ಎಂದು ಸಾಗಹಾಕಿಕೊಂಡು ಬಂದಿದ್ದ. ಆ ದಿನ ಕ್ಯಾಂಟೀನಿನ ಮೇಲ್ವಿಚಾರಕ ಕಣ್ಣಾರೆ ನೋಡಿಬಿಟ್ಟ.

"ಕಫ ಪರೀಕ್ಷೆ ಮಾಡಿಸಿ, ಟಿಬಿ ಇಲ್ಲ ಅಂತ ಚೀಟಿ ತಗೊಂಡು ಬಾ. ಇಲ್ಲಾಂದ್ರೆ ಬರಲೇಬೇಡ."

ಟಿಬಿ ಎಂದರೆ ಮುನೀಂದ್ರನಿಗೆ ಮೊದಲಿಂದಲೂ ಭಯ. ಅವನಪ್ಪ ಮುನಿಸ್ವಾಮಪ್ಪ ಊರಿನ ಚಿನ್ನದ ಗಣಿಯಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಸತ್ತವನು. ಕೊನೆಯ ವರ್ಷ ಅಪ್ಪನಿಗೆ ತಟ್ಟೆ ಬೇರೆ ಮಾಡಿ ಹಿತ್ತಲ ಬಾಗಿಲಲ್ಲಿ ಕೂರಿಸಿದ್ದು ಮುನೀಂದ್ರನೇ. ಅದನ್ನು ನೆನೆದರೆ ಇವತ್ತಿಗೂ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ.

ಊರ ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ ಪರೀಕ್ಷೆ ಮಾಡಿಸಿದರೆ ಊರಿಗೆಲ್ಲ ಡಂಗುರ ಸಾರಿದಂತೆ. ಅದಕ್ಕೇ ಬಂಗಾರಪೇಟೆಯಲ್ಲಿ ರೈಲಿಳಿದು, ಅಲ್ಲಿನ ಆಸ್ಪತ್ರೆಯಿಂದ ಒಂದು ಪುಟ್ಟ ಡಬ್ಬಿ ತಂದ. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ಕಫ ತುಂಬಿಸಬೇಕು. ಡಬ್ಬಿಯನ್ನು ನೋಡನೋಡುತ್ತ ಅವನಿಗೊಂದು ಉಪಾಯ ಹೊಳೆಯಿತು. ಕಫಕ್ಕೇನು, ಮುಖ ಇರುತ್ತದೆಯೇ?

ಹೆಂಡತಿ ವನಿತಾ ಅವನ ಸ್ವಂತ ಅಕ್ಕನ ಮಗಳು. ಕಲ್ಲುಗುಂಡಿನಂಥ ಜೀವ, ಅವಳು ಕೆಮ್ಮಿದ್ದನ್ನು ಅವನು ಕೇಳಿಯೇ ಇರಲಿಲ್ಲ. ಈಚೆಗೆ ನಾಲ್ಕು ತಿಂಗಳಿಂದ ಏನೋ ಹರಕೆ ಹೊತ್ತು, ಎಲ್ಲರದೂ ಆದ ಮೇಲೆ ಒಬ್ಬಳೇ ಕೂತು, ಒಂದು ಹಳೇ ಸೊಟ್ಟ ತಟ್ಟೆಯಲ್ಲಿ ಉಣ್ಣುತ್ತಿದ್ದಳು. ಹೆಂಡತಿಯ ಭಕ್ತಿಯ ಬಗ್ಗೆ ಅವನಿಗೆ ಹೆಮ್ಮೆ.

"ಇದ್ರಾಗೆ ನೀನು ಕೆಮ್ಮಿ ಉಗುದ್ಕೊಡು, ವನಿತಾ. ನಿನ್ ಎದೆ ಶುದ್ಧವಾಗೈತೆ."

ವನಿತಾ ಡಬ್ಬಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ ಮಾಮ. ಯಾರ ರೋಗ ಯಾರಿಗೋ ಅಂಟ್ಕಂತದೆ."

"ಕೆಲ್ಸ ಓದ್ರೆ ಏನ್ ತಿಂತೀಯ?"

ಅವಳು ಹಿತ್ತಲಿಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟ ಸದ್ದಷ್ಟೇ ಕೇಳಿಸಿತು. ತುಂಬ ಹೊತ್ತಾದ ಮೇಲೆ ಬಂದು, ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಡಬ್ಬಿ ಕೊಟ್ಟಳು.

ಮುನೀಂದ್ರ ಅದನ್ನು ಬಟ್ಟೆಯಲ್ಲಿ ಸುತ್ತಿ, ಅಂಗಿಯೊಳಗೆ ಎದೆಗೊತ್ತಿಕೊಂಡು ರೈಲು ಹತ್ತಿದ. ಚಿನ್ನದೂರಿನಲ್ಲಿ ಹುಟ್ಟಿ ಬೆಳೆದವನು ಹಾಗೆ ಡಬ್ಬಿ ಹಿಡಿದುಕೊಳ್ಳಬಾರದಿತ್ತು. ಪಕ್ಕದ ಮನೆಯ ಕುಪ್ಪುಸ್ವಾಮಿ ಎದುರು ಸೀಟಿನಲ್ಲೇ ಕೂತಿದ್ದ.

"ಎನ್ನಪ್ಪಾ ಮುನೀಂದ್ರ, ಗಣಿ ಮಣ್ಣಿನ ದಿಬ್ಬದಾಗೆ ಏನೋ ಸಿಕ್ಕೈತೆ."

"ಏನಿಲ್ಲಣ್ಣ. ಔಷಧಿ."

"ಔಷಧೀನ ಯಾರಾದ್ರೂ ಕೂಸಿನಂಗೆ ಇಡ್ಕಂತಾರಾ?" ಎಂದ ಕುಪ್ಪುಸ್ವಾಮಿ, ಡಬ್ಬಿ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದ. "ಪಾದರಸ ಹಾಕಿ ಬಂಗಾರ ಕರಗಿಸಿದ್ದೀಯ. ಯಾರಿಗೂ ಹೇಳಲ್ಲ ಬಿಡು. ಅರ್ಧ ಪಾಲು ನಂದು."

ಯಾರಿಗೂ ಹೇಳುವುದಿಲ್ಲ ಎಂದು ಅವನು ಹೇಳಿದ್ದು ಅರ್ಧ ಬೋಗಿಗೆ ಕೇಳಿಸಿತು. ಬಂಗಾರಪೇಟೆಯಲ್ಲಿ ಇಳಿದಾಗ ಹಿಂದೆ ಆರು ಜನ. ಕುಪ್ಪುಸ್ವಾಮಿ ಅವನ ರಟ್ಟೆ ಹಿಡಿದು ಪರಿಚಯದ ಅಕ್ಕಸಾಲಿಗನ ಅಂಗಡಿಗೆ ಎಳೆದೊಯ್ದ. ಮುನೀಂದ್ರ ಬಾಯಿ ತೆರೆಯುವ ಮೊದಲೇ ಅಕ್ಕಸಾಲಿಗ ಕನ್ನಡಕ ಏರಿಸಿ ಮುಚ್ಚಳ ತಿರುಗಿಸಿ, ಒಳಗೆ ಇಣುಕಿದ.

"ಟಿಬಿ ಪರೀಕ್ಷೆಗೆ ಕಫ ಅಣ್ಣಾ," ಎಂದ ಮುನೀಂದ್ರ, ಅಳುವ ದನಿಯಲ್ಲಿ.

ಮುಚ್ಚಳ ಹಾಕಿ, ಚಿನ್ನ ತೊಳೆಯುವ ಆಸಿಡ್ಡಿನಲ್ಲೇ ಕೈ ತೊಳೆಯಲು ಹೋದ ಅಕ್ಕಸಾಲಿಗನನ್ನು ಅವನ ಹೆಂಡತಿ ತಡೆದಳು. ಅರ್ಧ ಪಾಲಿನ ಕುಪ್ಪುಸ್ವಾಮಿ ಆಗಲೇ ರಸ್ತೆಯ ಆಚೆ ಬದಿಯಲ್ಲಿ ನಿಂತು ಮೊಬೈಲಿನಲ್ಲಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದ.

ಮುಚ್ಚಿಟ್ಟದ್ದೆಲ್ಲ ಬಯಲಾಯಿತು, ಇನ್ನು ಚೀಟಿಯೊಂದಾದರೂ ಸಿಗಲಿ ಎಂದುಕೊಂಡು ಮುನೀಂದ್ರ ಆಸ್ಪತ್ರೆಗೆ ನಡೆದ. ಪ್ರಯೋಗಾಲಯದ ಸುಮಲತ ಡಬ್ಬಿಯ ಮೇಲೆ ಅವನ ಹೆಸರು ಬರೆದು ಒಳಗೆ ತೆಗೆದುಕೊಂಡು ಹೋದಳು. ಮಧ್ಯಾಹ್ನ ಕರೆದು ಕೂರಿಸಿದಳು.

"ಟಿಬಿ ಇದೆ. ಹೆದರಬೇಡಿ, ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತೆ. ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ಒಂದು ದಿನಾನೂ ತಪ್ಪಿಸಬಾರದು."

ಮುನೀಂದ್ರ ನಗಲು ಹೋದ. "ತಪ್ಪಾಗೈತೆ ಮೇಡಂ. ಆ ಎದೆಯಾಗೆ ಏನೂ ಇಲ್ಲ."

"ಸಂಜೆ ಹೊತ್ತು ಮೈ ಬಿಸಿಯಾಗುತ್ತಾ? ಊಟ ಸೇರುತ್ತಾ? ತೂಕ ಇಳಿದಿದೆಯಾ?"

ತನಗಿಲ್ಲ ಎನ್ನಲು ಬಾಯಿ ತೆರೆದವನಿಗೆ ವನಿತಾಳ ಮೊಣಕೈವರೆಗೆ ಸಲೀಸಾಗಿ ಏರುವ ಬಳೆಗಳು ಕಂಡವು. ಜೋರಾಗಿ ಬಿಟ್ಟ ನಲ್ಲಿ ಕೇಳಿಸಿತು. ಆಮೇಲೆ ಆ ಸೊಟ್ಟ ತಟ್ಟೆ ಯಾರದೆಂದು ನೆನಪಾಯಿತು. ಅದು ಅವನ ಅಪ್ಪನದು.

"ತಟ್ಟೆ ಬೇರೆ ಮಾಡ್ಬೇಕಾ ಮೇಡಂ?" ಎಂದ, ಮೆಲ್ಲಗೆ.

"ತಟ್ಟೆಯಿಂದ ಬರಲ್ಲ. ಕೆಮ್ಮಿದ ಗಾಳಿಯಿಂದ ಬರೋದು. ಬಾಯಿಗೆ ಬಟ್ಟೆ ಹಿಡೀರಿ, ಕಿಟಕಿ ತೆಗೆದಿಡಿ, ಸಾಕು." ಸುಮಲತ ಇನ್ನೊಂದು ಡಬ್ಬಿ ತೆಗೆದು, ಅವನ ಹೆಂಡತಿಯ ಹೆಸರು ಕೇಳಿ ಅದರ ಮೇಲೆ ವನಿತಾ ಎಂದು ಬರೆದಳು. "ಮನೆಯವರದ್ದೂ ನೋಡಬೇಕು. ನಾಳೆ ತನ್ನಿ."

ಅದು ಹೆಂಡತಿಯ ಕಫವೆಂಬ ನಿಜ ಹೇಳದೆಯೇ ಹೊಸ ಡಬ್ಬಿ ಹಿಡಿದು ಹೊರಟ. ಮಾರಿಕುಪ್ಪಂಗೆ ಬಂದಾಗ ಬೀದಿಯವರೆಲ್ಲ ಬಾಗಿಲು ಓರೆ ಮಾಡಿಕೊಂಡು ನೋಡುತ್ತಿದ್ದರು. ಅವನು ಯಾರನ್ನೂ ನೋಡದೆ ಒಳಗೆ ಹೋಗಿ, ಡಬ್ಬಿಯನ್ನು ಹೆಂಡತಿಯ ಮುಂದಿಟ್ಟ.

"ಹರಕೆ ಅಂತ ಯಾಕೆ ಸುಳ್ಳು ಹೇಳ್ದೆ ವನಿತಾ?"

ಅವಳು ಸೆರಗನ್ನು ಬಾಯಿಗೆ ಹಿಡಿದು ಹೇಳಿದಳು. "ತಾತಂಗೆ ನೀನು ತಟ್ಟೆ ಬೇರೆ ಇಕ್ಕಿದ್ದು ನಾನು ನೋಡಿಲ್ವಾ ಮಾಮ? ನೀನು ಮಾಡೋಕ್ ಮುಂಚೆ ನಾನೇ ಮಾಡ್ಕಂಡೆ."

ಮುನೀಂದ್ರನಿಗೆ ಅಳು ತಡೆಯಲಾಗಲಿಲ್ಲ. ಅಪ್ಪನಿಗಾಗಿ ಅಳಬೇಕಾಗಿದ್ದದ್ದೂ ಅದರಲ್ಲಿ ಸೇರಿತ್ತು. ಕಿಟಕಿಗಳನ್ನೆಲ್ಲ ತೆರೆದು, ಆ ಸೊಟ್ಟ ತಟ್ಟೆಯನ್ನು ತಾನೇ ತಂದು ಮುಂದಿಟ್ಟುಕೊಂಡು, "ನಂಗೆ ಇದ್ರಾಗೆ ಇಕ್ಕು. ನಾಳೆ ಇಬ್ರೂ ಓಗಿ ಇದ್ದಿದ್ದು ಇದ್ದಂಗೆ ಹೇಳಾನ," ಎಂದ.

ಬೆಳಗಾಗುತ್ತಲೇ ತನ್ನ ಕಫ ತುಂಬಿಸಲು ವನಿತಾಳ ಹೆಸರಿನ ಡಬ್ಬಿ ಹಿಡಿದು ಹಿತ್ತಲ ಕಲ್ಲಿನ ಮೇಲೆ ಕೂತ. ಮೂರು ವಾರ ಹಗಲಿರುಳು ಕಾಡಿದ ಕೆಮ್ಮು, ಬಾ ಎಂದು ಕರೆದರೆ ಬರಲಿಲ್ಲ. ಕತ್ತು ಉಬ್ಬಿಸಿದ, ಎದೆ ಗುದ್ದಿಕೊಂಡ, ಒಂದು ಹನಿಯೂ ಬೀಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ವನಿತಾ ಈಗ ನಲ್ಲಿ ಬಿಡದೆಯೇ ಕೆಮ್ಮಿದಳು. ಉಸಿರು ತಿರುಗಿದ ಮೇಲೆ, ಪಾಪ ಎನಿಸಿ ಕೇಳಿದಳು.

"ಬರ್ದಿದ್ರೆ ಬಿಡು ಮಾಮ. ಇದಕ್ಕೂ ನಾನೇ ಕೊಡ್ಲಾ?"